ಕಾಂಕ್ರೀಟ್ ಮೆಟ್ಟಿಲಿಗೆ ಮರದ ಹಲಗೆ: ಮುಕ್ಕಾಲು ಇಂಚು ಕೊಟ್ಟ ಕಷ್ಟ

ವಿಡಿಯೋದಲ್ಲಿ ಕಾಣಿಸುತ್ತಿದೆಯಾ? ಹದಿನೇಳು ಮೆಟ್ಟಿಲಿಗೂ ಹಲಗೆ ಬಂತು. ಇನ್ನೂ ಅಂಟಿಸಿಲ್ಲ, ಸುಮ್ನೆ ಇಟ್ಟಿದ್ದು. ಅಂಟಿಸದೇ ಇದ್ದದ್ದೇ ಒಳ್ಳೆಯದಾಯಿತು.

ಇದು ತೇಗ. ತೀರ್ಥಹಳ್ಳಿ ಹತ್ತಿರದ ಅಜ್ಜಿಮನೆ ಬಿಚ್ಚಿದಾಗ ಸಿಕ್ಕ ತೊಲೆಗಳನ್ನು ಸೀಳಿಸಿದ್ದು. ಎಷ್ಟೋ ವರ್ಷ ಒಣಗಿದ ಮರ, ಇನ್ನು ಸೊಟ್ಟಗಾಗುವ ಭಯ ಕಡಿಮೆ. ಮರದ ಹಾಗೆ ಕಾಣುವ ಲ್ಯಾಮಿನೇಟ್ ಹಲಗೆ ಬೇಡವೇ ಬೇಡ. ಮೆಟ್ಟಿಲಲ್ಲಿ ಪೆಟ್ಟೆಲ್ಲ ಬೀಳುವುದು ಅಂಚಿಗೆ, ಅಲ್ಲೇ ಅದು ಏಳುವುದು.

ಈ ಪ್ಲಾಸ್ಟಿಕ್ ಹಾಳೆ ಕಾಂಕ್ರೀಟ್ ಒಣಗಿದೆಯಾ ಎಂದು ನೋಡಲಿಕ್ಕೆ. ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಟ್ಟೆವು. ಮೊದಲ ಸಲ ಒಳಗೆ ನೀರು ಬೆವರಿತ್ತು. ಇನ್ನೊಂದು ತಿಂಗಳು ಕಾದೆವು. ಈಗ ಒಣಗಿದೆ.

ಹಾಂ, ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ಅಮ್ಮ ಬಟ್ಟೆ ಬುಟ್ಟಿ ಹಿಡಿದು ಹತ್ತುವಾಗ ಮೊದಲ ಮೆಟ್ಟಿಲಲ್ಲೇ ಎಡವಿದಳು. ಮೇಲೆ ಹೋಗಿ ಕೊನೆಯಲ್ಲಿ ಮತ್ತೆ ಮುಗ್ಗರಿಸಿದಳು. "ಆಚಾರ್ರೇ, ಇದು ಒಂದೇ ಸಮ ಇಲ್ಲ ಮಾರಾಯ್ರೆ" ಅಂದಳು ನಮ್ಮ ಬಡಗಿಗೆ. ನನ್ನ ಎದೆ ಧಸಕ್ ಅಂದಿತು. ಅವಳಿಗೆ ಮಂಡಿ ನೋವು ಬೇರೆ.

ರಸಮಟ್ಟ (ಸ್ಪಿರಿಟ್ ಲೆವೆಲ್), ಟೇಪು ಹಿಡಿದು ಅಳೆದೆವು. ಕಟ್ಟುವಾಗ ಎಲ್ಲ ಮೆಟ್ಟಿಲೂ 7 ಇಂಚು ಎತ್ತರ. ಹಲಗೆ ಮುಕ್ಕಾಲು ಇಂಚು. ನಡುವಿನವಕ್ಕೆ ಏನೂ ಆಗುವುದಿಲ್ಲ, ಕೆಳಗಿನದೂ ಏರಿತು, ಮೇಲಿನದೂ ಏರಿತು. ಆದರೆ ಕೆಳಗಿನ ನೆಲ ಏರಲಿಲ್ಲ ಅಲ್ವಾ? ಅಲ್ಲಿ ಮೊದಲೇ ರೆಡ್ ಆಕ್ಸೈಡ್ ನೆಲ ಆಗಿದೆ. ಮೇಲಿನ ಹಾಲ್‌ನ ನೆಲವೂ ಏರಲಿಲ್ಲ. ಹಾಗಾಗಿ ಮೊದಲ ಹೆಜ್ಜೆ ಏಳೂಮುಕ್ಕಾಲು, ಕೊನೆಯದು ಆರೂಕಾಲು. ಒಂದೂವರೆ ಇಂಚು ವ್ಯತ್ಯಾಸ! ನ್ಯಾಷನಲ್ ಬಿಲ್ಡಿಂಗ್ ಕೋಡ್ ಮನೆ ಮೆಟ್ಟಿಲಿಗೆ 19 ಸೆಂಟಿಮೀಟರ್ ಮಿತಿ ಇಟ್ಟಿದೆ. ಏಳೂಮುಕ್ಕಾಲು ಇಂಚು ಅದನ್ನೂ ದಾಟುತ್ತದೆ. ಎತ್ತರ ಒಂದೇ ಸಮ ಇದ್ದರೆ ಕಾಲು ನೋಡದೇ ಹತ್ತುತ್ತದೆ, ಬದಲಾದಲ್ಲಿ ಎಡವುತ್ತದೆ. ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಗೆ ಹಲಗೆ ಎಷ್ಟು ದಪ್ಪ ಎಂದು ಮೊದಲೇ ಹೇಳಿಬಿಡಿ. ನಾನು ಹೇಳಲಿಲ್ಲ, ತಪ್ಪು ನನ್ನದೇ.

ಅಜ್ಜಿಮನೆ ಅಟ್ಟದ ಏಣಿ ಇದಕ್ಕಿಂತ ಕಡಿದಾಗಿತ್ತು. ಹಗ್ಗ ಹಿಡಿದು ಹತ್ತುತ್ತಿದ್ದೆವು. ಆದರೂ ಅಲ್ಲಿ ಯಾರೂ ಬಿದ್ದ ನೆನಪಿಲ್ಲ. ಅಲ್ಲಿಂದ ಅಡಿಕೆ ಗೋಣಿ ಇಳಿಸುವಾಗ ಅಜ್ಜ... ಅಯ್ಯೋ, ಈ ಶಾಟ್ ಮುಗಿಯುತ್ತಾ ಬಂತು.

ಆಚಾರ್ರು ಕಂಡುಕೊಂಡ ದಾರಿ ಇದು. ಕಂಬಿ ತಾಗದ ಹಾಗೆ ಮೇಲಿನ ಗಾರೆ ಮಾತ್ರ ಕೆತ್ತಿದರು. ಮೊದಲ ಮೆಟ್ಟಿಲಿಗೆ ಮುಕ್ಕಾಲು ಇಂಚು, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ಈಗ ಮೊದಲ ಹೆಜ್ಜೆ ಮತ್ತೆ ಏಳು, ಮುಂದಿನ ಮೂರು ಏಳೂಕಾಲು, ಆಮೇಲೆ ಕೊನೆಯದು ಬಿಟ್ಟು ಎಲ್ಲಾ ಏಳು. ಕೊನೆಯದು ಸರಿಯಾಗಲು ಮೇಲಿನ ಹಾಲ್‌ಗೂ ನೆಲ ಏರಿಸಬೇಕು, ಅಲ್ಲಿಗೆ ಲ್ಯಾಮಿನೇಟೇ ಹಾಕುತ್ತೇವೆ. ಹೌದು, ಈಗತಾನೇ ಬೇಡ ಅಂದೆ. ಹಾಲ್‌ನಲ್ಲಿ ಅಂಚಿನ ತೊಂದರೆ ಇಲ್ಲ, ಅಲ್ಲಿ ಚೆನ್ನಾಗಿಯೇ ಬಾಳುತ್ತದೆ.

ಅಮ್ಮ ಮತ್ತೆ ಹತ್ತಿ ನೋಡಿದಳು, ಈ ಸಲ ಬರಿಗೈಯಲ್ಲಿ. ಕೆಳಗೆ ಎಲ್ಲೂ ತಡೆಯಲಿಲ್ಲ. ಆಚಾರ್ರು ಅಂಟು ಕಲಸಿಬಿಟ್ಟರು, ಬೇಗ ಗಟ್ಟಿಯಾಗುತ್ತದೆ. ಹಲಗೆ ಹಿಡಿಯಲು ಕೂಗುತ್ತಿದ್ದಾರೆ, ಹೋದೆ.