ತಟ್ಟೆಯಲ್ಲಿ ಅನ್ನವೆಷ್ಟು, ಕಾಳೆಷ್ಟು: ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಊಟ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕೆಲವರು ಕೀಮೋ, ರೇಡಿಯೇಷನ್, ಆಪರೇಷನ್ ಮುಗಿಸಿಕೊಂಡವರು. ಉಳಿದವರು ಅವರಿಗೆ ಬೇಯಿಸಿ ಹಾಕುವವರು. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಸಾಮಾನ್ಯವಾಗಿ ‘ಪೌಷ್ಟಿಕ ಆಹಾರ ಸೇವಿಸಿ’ ಅಂತ ಒಂದು ಸಾಲು ಇರುತ್ತದೆ. ಎಷ್ಟು, ಯಾವುದು, ಹೇಗೆ ಅನ್ನುವುದು ಅದರಲ್ಲಿ ಇರುವುದಿಲ್ಲ. ಈ ಹೊತ್ತು ಆ ಒಂದು ಸಾಲನ್ನೇ ಬಿಡಿಸಿ ನೋಡೋಣ.

ಮೊದಲೇ ಒಂದು ಮಾತು ಖಚಿತವಾಗಿರಲಿ. ಸೊಪ್ಪು, ಕಾಳು, ಹಣ್ಣು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಡಾಕ್ಟರು ಐದು ವರ್ಷ ಟ್ಯಾಮಾಕ್ಸಿಫೆನ್ ಎಂಬ ಸ್ತನ ಕ್ಯಾನ್ಸರಿನ ಗುಳಿಗೆ ಬರೆದಿದ್ದರೆ ಅದನ್ನು ಐದು ವರ್ಷ ನುಂಗಬೇಕು, ನುಗ್ಗೆಸೊಪ್ಪು ಅದರ ಜಾಗಕ್ಕೆ ಬರುವುದಿಲ್ಲ. ಊಟ ಮಾಡುವ ಕೆಲಸ ಬೇರೆ: ಕರಗಿದ ಸ್ನಾಯುವನ್ನು ಮತ್ತೆ ಕಟ್ಟುವುದು, ಮೂಳೆ ಸವೆಯದಂತೆ ನೋಡಿಕೊಳ್ಳುವುದು, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗವನ್ನು ದೂರ ಇಡುವುದು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರಲ್ಲಿ ಕೊಟ್ಟ ಸಲಹೆಯೂ ಹೆಚ್ಚುಕಡಿಮೆ ಇದೇ ದಾರಿಯದು. ಇಡೀ ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣು ಊಟದ ಮುಖ್ಯ ಭಾಗವಾಗಲಿ, ದಿನಕ್ಕೆ 30 ಗ್ರಾಂ ನಾರು ಸಿಗಲಿ, ಹೆಂಡ ಬೇಡ, ಕ್ಯಾನ್ಸರ್ ತಡೆಯಲೆಂದು ಗುಳಿಗೆ-ಪುಡಿಗಳ ಹಿಂದೆ ಹೋಗುವುದೂ ಬೇಡ ಅಂತ.

‘ನಾವು ಮೊದಲಿಂದಲೂ ಸಸ್ಯಾಹಾರಿಗಳೇ, ನಮಗೇನು ಹೊಸದು?’ ಅನ್ನುವ ಮನೆಗಳಲ್ಲೇ ತೊಂದರೆ ಹೆಚ್ಚು. ಒಂದು ಸಾಧಾರಣ ದಿನವನ್ನು ತೂಗಿ ನೋಡಿ. ಬೆಳಿಗ್ಗೆ 60 ಗ್ರಾಂ ರವೆಯ ಉಪ್ಪಿಟ್ಟು, ಎರಡು ಹೊತ್ತು ಕಾಫಿ. ಮಧ್ಯಾಹ್ನ ಅನ್ನ, ತಿಳಿಸಾರು, ಒಂದು ಸೌಟು ಪಲ್ಯ, ನೀರು ಮಜ್ಜಿಗೆ. ಸಂಜೆ ಬಿಸ್ಕತ್ತು. ರಾತ್ರಿ ಮತ್ತೆ ಅನ್ನ-ಸಾರು. ಹೊಟ್ಟೆಯೇನೋ ತುಂಬುತ್ತದೆ, ಆದರೆ ಪ್ರೋಟೀನ್ ಲೆಕ್ಕ ಹಾಕಿದರೆ 40 ಗ್ರಾಂ ದಾಟುವುದು ಕಷ್ಟ. ಅದರಲ್ಲೂ ಅರ್ಧದಷ್ಟು ಬಂದದ್ದು ಅಕ್ಕಿಯಿಂದಲೇ. ಆರೋಗ್ಯವಂತರಿಗೆ ದೇಹತೂಕದ ಕಿಲೋಗೆ ಸುಮಾರು 0.8 ಗ್ರಾಂ ಸಾಕು. ಚಿಕಿತ್ಸೆಯಲ್ಲಿ ಇಳಿದುಹೋದವರಿಗೆ 1.2ರಿಂದ 1.5 ಗ್ರಾಂ ಬೇಕು. 55 ಕಿಲೋ ತೂಕದ ಹೆಂಗಸಿಗೆ ಅಂದರೆ ಕನಿಷ್ಠ 66 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೆಕ್ಕವನ್ನು ತಮ್ಮ ಡಾಕ್ಟರ ಹತ್ತಿರ ಮಾಡಿಸಿಕೊಳ್ಳಬೇಕು.

ಇದೇ ಅಡುಗೆಮನೆಯಿಂದ 66 ಗ್ರಾಂ ಹೊಂದಿಸಬಹುದು. ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, 12 ಗ್ರಾಂ. ಮಧ್ಯಾಹ್ನ 80 ಗ್ರಾಂ ಅಕ್ಕಿಯ ಅನ್ನ, 6. ಅದಕ್ಕೆ 40 ಗ್ರಾಂ ತೊಗರಿಬೇಳೆ ಬಿದ್ದ ಗಟ್ಟಿ ಹುಳಿ, 9. ಒಂದು ಹಿಡಿ ಹೆಸರುಬೇಳೆಯ ಕೋಸಂಬರಿ, 5. ಗಟ್ಟಿ ಮೊಸರು ಒಂದು ಬಟ್ಟಲು, 5. ಸಂಜೆ ಒಂದು ಹಿಡಿ ಕಡಲೆಕಾಯಿ, 7. ರಾತ್ರಿ 80 ಗ್ರಾಂ ಹಿಟ್ಟಿನ ಮುದ್ದೆ, 6. ಜೊತೆಗೆ 40 ಗ್ರಾಂ ಹುರುಳಿ ಅಥವಾ ಅವರೆಕಾಳಿನ ಸಾರು, 8. ಮಲಗುವ ಮುಂಚೆ ಒಂದು ಲೋಟ ಹಾಲು ಅಥವಾ ಸೋಯಾ ಹಾಲು, 6. ತರಕಾರಿಯದು ಎರಡು ಸೇರಿದರೆ ಲೆಕ್ಕ ಮುಟ್ಟಿತು. ಇಲ್ಲಿ ಅಕ್ಕಿ ಕಡಿಮೆಯಾಯಿತು, ಬೇಳೆ ಹೆಚ್ಚಾಯಿತು, ಅಷ್ಟೇ. ಮೊಟ್ಟೆ ತಿನ್ನುವವರು ಬಿಡಬೇಕಾಗಿಲ್ಲ, ಒಂದಕ್ಕೆ 6 ಗ್ರಾಂ ಸಿಗುತ್ತದೆ.

ಕಾಳು ಬೇಯಿಸಿಯೂ ಕಾಳು ತಟ್ಟೆಗೆ ಬೀಳದ ಮನೆಗಳಿವೆ. ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಸಾರು ಕೂಡಿಸುತ್ತೇವೆ, ಬಸಿದ ಕಾಳು ಪಲ್ಯಕ್ಕೆ ಹೋಗುತ್ತದೆ. ‘ಅವರಿಗೆ ಜೀರ್ಣ ಆಗಲ್ಲ’ ಅಂತ ರೋಗಿಗೆ ಬರೀ ಸಾರು ಬಡಿಸಿ, ಪಲ್ಯವನ್ನು ಮನೆಯ ಉಳಿದವರು ತಿನ್ನುತ್ತಾರೆ. ಕಟ್ಟಿನಲ್ಲಿ ರುಚಿ ಇದೆ, ಉಪ್ಪು ಇದೆ, ಒಂದಿಷ್ಟು ಖನಿಜ ಇದೆ. ಪ್ರೋಟೀನ್ ಇರುವುದು ಪಲ್ಯದಲ್ಲಿ. ಜೀರ್ಣವಾಗದಿದ್ದರೆ ಒಂದು ಹಿಡಿ ಕಾಳನ್ನು ನುಣ್ಣಗೆ ರುಬ್ಬಿ ಆ ಸಾರಿಗೇ ಸೇರಿಸಿ. ಹೊಟ್ಟೆ ಉಬ್ಬರಿಸುತ್ತದೆ ಅನ್ನುವವರು ಕಾಳನ್ನು 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೆರಳಿಗೆ ಹಿಸುಕಿದರೆ ಮೆದುವಾಗುವಷ್ಟು ಬೇಯಿಸಬೇಕು. ಮೊದಲ ವಾರ ಹೆಸರುಬೇಳೆ, ಆಮೇಲೆ ತೊಗರಿ, ಕೊನೆಗೆ ಹುರುಳಿ-ಕಡಲೆ, ಹೀಗೆ ಏರಿಸುತ್ತಾ ಹೋಗಿ.

ಇನ್ನು ಗಂಜಿ. ನಮ್ಮಲ್ಲಿ ಕಾಯಿಲೆ ಅಂದರೆ ರಾಗಿ ಗಂಜಿ ಮತ್ತು ಎಳನೀರು. ಒಂದು ಚಮಚ ರಾಗಿಹಿಟ್ಟನ್ನು ದೊಡ್ಡ ಲೋಟ ನೀರಲ್ಲಿ ಕಾಯಿಸಿದರೆ ಅದರಲ್ಲಿರುವುದು ಸುಮಾರು 35 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ದಿನಕ್ಕೆ ನಾಲ್ಕು ಲೋಟ ಕುಡಿದರೂ ಅದು ಉಪವಾಸವೇ, ಹೊಟ್ಟೆ ತುಂಬಿದ ಉಪವಾಸ. ಅದೇ ಲೋಟವನ್ನು ಹೀಗೆ ಮಾಡಿ: 20 ಗ್ರಾಂ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, 200 ಮಿಲಿ ಹಾಲಿಗೆ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ಕಾಯಿಸಿ. ಹಸಿ ವಾಸನೆ ಹೋದ ಮೇಲೆ ಇಳಿಸಿ, ಒಂದು ದೊಡ್ಡ ಚಮಚ ನುಣ್ಣಗೆ ಅರೆದ ಹುರಿದ ಕಡಲೆಬೀಜ, 15 ಗ್ರಾಂ ಹುರಿಗಡಲೆ ಪುಡಿ ಬೆರೆಸಿ. ಈಗ ಅದು ಸುಮಾರು 340 ಕ್ಯಾಲೊರಿ, 15 ಗ್ರಾಂ ಪ್ರೋಟೀನ್. ಹುರಿಗಡಲೆ ಪುಡಿಯನ್ನು ಒಲೆಯ ಮೇಲಿರುವಾಗಲೇ ಹಾಕಿದರೆ ಅಂಟಂಟಾಗಿ ನುಂಗಲು ಬಾರದಂತಾಗುತ್ತದೆ. ಕಡಲೆಬೀಜ ಬೂಷ್ಟು ಹಿಡಿದಿದ್ದರೆ, ಕಹಿಯಾಗಿದ್ದರೆ ಎಸೆದುಬಿಡಿ. ಆ ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಪಿತ್ತಜನಕಾಂಗದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಸಾಬೀತಾಗಿದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಗಂಜಿ ಗಟ್ಟಿಯಾದರೆ ಕುಡಿಯಲಾಗುವುದಿಲ್ಲ, ತೆಳ್ಳಗಾದರೆ ಸತ್ವ ಇರುವುದಿಲ್ಲ. ಇದಕ್ಕೆ ನಮ್ಮ ಅಜ್ಜಿಯರ ಮೊಳಕೆ ರಾಗಿಹಿಟ್ಟೇ ಉತ್ತರ. ರಾಗಿಯನ್ನು 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಇಟ್ಟರೆ ಬಿಳಿ ಮೊಳಕೆ ಬರುತ್ತದೆ. ಆಗ ಕಾಳಿನೊಳಗೆ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ. ಹಾಗಾಗಿ ಹಿಟ್ಟಿನ ಪ್ರಮಾಣವನ್ನು ಒಂದೂವರೆ ಪಟ್ಟು ಮಾಡಿದರೂ ಗಂಜಿ ತೆಳ್ಳಗೇ ಇರುತ್ತದೆ. ಎಡವುವುದು ಹುರಿಯುವಾಗ. ಘಮ್ ಅನ್ನಲಿ ಅಂತ ಕೆಂಪಗೆ ಹುರಿದರೆ ಕಿಣ್ವ ಸತ್ತು, ಗಂಜಿ ಮತ್ತೆ ಗಟ್ಟಿಯಾಗುತ್ತದೆ. ಚೆನ್ನಾಗಿ ಒಣಗಿಸಿ, ಬಾಣಲೆಯಲ್ಲಿ ಕೈಗೆ ಬೆಚ್ಚಗಾಗುವಷ್ಟು ಮಾತ್ರ ಹುರಿಯಿರಿ.

ಇಲ್ಲಿಯವರೆಗೆ ಹೇಳಿದ್ದು ತೂಕ ಇಳಿದವರಿಗೆ. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಎಷ್ಟೋ ಹೆಂಗಸರಿಗೆ ತೂಕ ಏರುತ್ತದೆ. ಅವರಿಗೆ ಕಡಲೆಬೀಜದ ಗಂಜಿ ದಿನಕ್ಕೆ ಮೂರು ಬೇಡ. ಬೇಳೆ-ಕಾಳು ಅಷ್ಟೇ ಇರಲಿ, ಅನ್ನ ಒಂದು ಸೌಟು ಕಡಿಮೆಯಾಗಲಿ, ಪಲ್ಯ ಎರಡರಷ್ಟಾಗಲಿ. ಸೋಯಾ ತಿಂದರೆ ಕಾಯಿಲೆ ಮರಳುತ್ತದೆ ಎಂಬ ಭಯ ಇವರಲ್ಲಿ ಬಹಳ. ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆದ ಐದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸೋಯಾ ಆಹಾರ ಹೆಚ್ಚು ತಿಂದವರಲ್ಲಿ ಕಾಯಿಲೆ ಮರಳಿದ್ದು, ಸಾವು ಎರಡೂ ಕಡಿಮೆಯೇ ಇದ್ದವು. ತೋಫು, ಸೋಯಾ ಹಾಲು, 30 ಗ್ರಾಂ ಸೋಯಾ ಚಂಕ್ಸ್ ಧಾರಾಳವಾಗಿ ತಿನ್ನಿ. ಚಂಕ್ಸನ್ನು ಉಪ್ಪುನೀರಲ್ಲಿ ಐದು ನಿಮಿಷ ಕುದಿಸಿ ಎರಡು ಸಲ ಹಿಂಡಿದರೆ ಹಸಿ ವಾಸನೆ ಹೋಗುತ್ತದೆ. ಸೋಯಾದಿಂದ ತೆಗೆದ ಐಸೊಫ್ಲೇವೋನ್ ಎಂಬ ಅಂಶದ ಗುಳಿಗೆಗಳು ಮಾತ್ರ ಬೇಡ, ಅವು ಊಟವಲ್ಲ.

ಅದೇ ಹೆಂಗಸರಲ್ಲಿ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಎಂಬ ಹಾರ್ಮೋನ್ ತಗ್ಗಿಸುವ ಗುಳಿಗೆ ನುಂಗುವವರಿಗೆ ಮೂಳೆ ಬೇಗ ಸವೆಯುತ್ತದೆ. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಇದೆ, ಒಂದು ಚಮಚ ಎಳ್ಳಿನ ಪುಡಿ ನೂರು ಕೊಡುತ್ತದೆ. ಪಾಲಕ್ ನೆಚ್ಚಿಕೊಳ್ಳಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಇಷ್ಟಾದರೂ ಹಾಲು-ಮೊಸರು ಬಿಟ್ಟವರಿಗೆ ಲೆಕ್ಕ ತುಂಬದಿರಬಹುದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ.

ಬಾಯಿ-ಗಂಟಲಿಗೆ ರೇಡಿಯೇಷನ್ ಆದವರದು ಬೇರೆಯೇ ಪಾಡು. ಹೊಗೆಸೊಪ್ಪು-ಅಡಿಕೆಯಿಂದ ನಮ್ಮಲ್ಲಿ ಇವರ ಸಂಖ್ಯೆ ದೊಡ್ಡದು. ಜೊಲ್ಲು ಬತ್ತಿದ ಬಾಯಲ್ಲಿ ಚಪಾತಿ ತಿರುಗುವುದಿಲ್ಲ. ಒಗ್ಗರಣೆಯ ಸಾಸಿವೆ, ಕರಿಬೇವು ಒಣಗಿದ ಒಸಡಿನ ಮೂಲೆಯಲ್ಲಿ ಸಿಕ್ಕಿ ಹುಣ್ಣು ಮಾಡುತ್ತವೆ. ಒಗ್ಗರಣೆಯನ್ನು ಬೇರೆ ಮಾಡಿ, ತುಪ್ಪವನ್ನಷ್ಟೇ ಸೋಸಿ ಹಾಕಿ. ಖಾರ, ಹುಣಸೆ ಸ್ವಲ್ಪ ಕಾಲ ದೂರವಿರಲಿ. ಜೀರಿಗೆ, ಶುಂಠಿ, ಕೊತ್ತಂಬರಿಯಿಂದ ರುಚಿ ತನ್ನಿ. ಮುದ್ದೆಯನ್ನು ಅಗಿಯಬೇಕಿಲ್ಲ, ನಿಜ. ಆದರೆ ಜೊಲ್ಲಿಲ್ಲದ ಗಂಟಲಲ್ಲಿ ಅದು ಅಂಟಿ ನಿಲ್ಲುತ್ತದೆ. ನುಂಗುವ ಪರೀಕ್ಷೆ ಮಾಡಿಸಿಕೊಂಡ ಮೇಲೆ, ಸಡಿಲ ಮುದ್ದೆಯನ್ನು ಅಡಿಕೆಯಷ್ಟು ಸಣ್ಣ ತುತ್ತು ಮಾಡಿ, ಸಾರಲ್ಲಿ ಮುಳುಗಿಸಿ ಶುರುಮಾಡಿ. ಉಣ್ಣುವಾಗ, ಕುಡಿಯುವಾಗ ಕೆಮ್ಮು ಬಂದರೆ ಅನ್ನ-ನೀರು ಶ್ವಾಸನಾಳಕ್ಕೆ ಜಾರುತ್ತಿದೆ ಅಂತಲೇ ತಿಳಿಯಿರಿ, ತಡಮಾಡದೆ ತೋರಿಸಿ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಿ. ಬಾಯಿ ಸಾಕಷ್ಟು ತೆರೆಯುತ್ತದೆಯೇ ಅಂತ ತಿಳಿಯಲು, ಮೂರು ಬೆರಳು ಒಂದರ ಮೇಲೊಂದು ಹಿಡಿಯುತ್ತವೆಯೇ ಅಂತ ವಾರಕ್ಕೊಮ್ಮೆ ನೋಡಿ. ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ರೇಡಿಯೇಷನ್ ವಿಷಯ ಹೇಳಲೇಬೇಕು, ಎಷ್ಟು ವರ್ಷವಾಗಿದ್ದರೂ ಸರಿ. ವಿಕಿರಣ ಬಿದ್ದ ದವಡೆಯ ಗಾಯ ಮಾಯದೆ ಮೂಳೆ ಕೊಳೆಯಬಹುದು.

ಜಠರ ತೆಗೆಸಿದವರು ದಿನಕ್ಕೆ ಆರು ಸಣ್ಣ ಊಟ ಮಾಡಿ. ನೀರನ್ನು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಪಾನಕ, ಪಾಯಸ ಕುಡಿದ ಸ್ವಲ್ಪ ಹೊತ್ತಿಗೆ ಬೆವರು, ಎದೆಬಡಿತ, ಭೇದಿ ಬಂದರೆ ಅದು ‘ಡಂಪಿಂಗ್’. ಸಿಹಿ ನೇರವಾಗಿ ಕರುಳಿಗೆ ಸುರಿದದ್ದರ ಫಲ. ಜಠರ ಪೂರ್ತಿ ಹೋದವರಿಗೆ ಬಿ12 ಆಹಾರದಿಂದ ಸಿಗುವುದಿಲ್ಲ, ಸಾಮಾನ್ಯವಾಗಿ ಜೀವನಪರ್ಯಂತ ಇಂಜೆಕ್ಷನ್ ಬೇಕು. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಒಂದೆರಡು ವರ್ಷ ಬಿಟ್ಟು ಕಾಣಿಸುತ್ತದೆ. ಅಷ್ಟರಲ್ಲಿ ಪಾದದ ಜೋಮನ್ನು ‘ಕೀಮೋದ್ದೇ ಇರಬೇಕು’ ಅಂತ ತಳ್ಳಿಹಾಕಿರುತ್ತೇವೆ. ಹಾಲು-ಮೊಟ್ಟೆ ಎರಡೂ ಬಿಟ್ಟ ಶುದ್ಧ ಸಸ್ಯಾಹಾರಿಗಳಿಗೂ ಬಿ12 ಗುಳಿಗೆ ಬೇಕು. ಯಾವ ಸೊಪ್ಪಿನಲ್ಲೂ ಅದು ಇಲ್ಲ.

ಮಲ ಹೊರಬರಲು ಹೊಟ್ಟೆಯ ಮೇಲೆ ಚೀಲ ಹಾಕಿಸಿಕೊಂಡವರಿಗೆ ಮೊದಲ ವಾರಗಳಲ್ಲಿ ತೆಂಗಿನಕಾಯಿ ಚೂರು, ಮೆಕ್ಕೆಜೋಳ, ಅಣಬೆ ಬೇಡ, ಅವು ಹೊಟ್ಟೆಯ ಮೇಲೆ ತೆರೆದ ಕರುಳಿನ ಕಿರಿದಾದ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಚಟ್ನಿಯನ್ನು ನುಣ್ಣಗೆ ರುಬ್ಬಿ.

ಥೈರಾಯ್ಡ್ ತೆಗೆಸಿದವರು ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗೆ ನಾಲ್ಕು ಗಂಟೆ ಅಂತರ ಇರಲಿ. ಸೋಯಾ ಕೂಡ ಥೈರಾಯ್ಡ್ ಗುಳಿಗೆಯನ್ನು ದೇಹ ಹೀರದಂತೆ ತಡೆಯುತ್ತದೆ. ರಕ್ತಹೀನತೆ ಇದ್ದವರು ಊಟದ ಜೊತೆಗೆ ಕಾಫಿ-ಟೀ ಕುಡಿಯದೆ, ಕೋಸಂಬರಿಗೆ ನಿಂಬೆ ಹಿಂಡಿಕೊಂಡರೆ ಕಾಳಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಚಕ್ಕೋತದ ಬಗ್ಗೆ ಬೇರೆಯಾಗಿ ಹೇಳಬೇಕು. ದೇವನಹಳ್ಳಿ ಚಕ್ಕೋತ ನಮ್ಮ ಹೆಮ್ಮೆ, ಭೌಗೋಳಿಕ ಮಾನ್ಯತೆ ಪಡೆದ ಹಣ್ಣು. ಆದರೆ ಗ್ರೇಪ್‌ಫ್ರೂಟ್ ಎಂಬ ಇದರ ಬಳಗದ ಹಣ್ಣಿನಲ್ಲಿರುವ ಫ್ಯೂರಾನೊಕೌಮರಿನ್ ಎಂಬ ಅಂಶ ಇದರಲ್ಲೂ ಇದೆ. ಅದು ಔಷಧಿ ಕರಗಿಸುವ ಕಿಣ್ವವನ್ನು ತಡೆದು, ನಿಲೋಟಿನಿಬ್, ಲ್ಯಾಪಾಟಿನಿಬ್‌ನಂಥ ಕ್ಯಾನ್ಸರ್ ಗುಳಿಗೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಇಂಥ ಗುಳಿಗೆ ತೆಗೆದುಕೊಳ್ಳುವವರು ಚಕ್ಕೋತ ಬಿಡಿ. ಕಿತ್ತಳೆ, ಮೂಸಂಬಿಗೆ ಆ ತಕರಾರಿಲ್ಲ.

ಲಕ್ಷ್ಮಣಫಲದ ಎಲೆ ಕಷಾಯ ಕ್ಯಾನ್ಸರಿಗೆ ಮದ್ದೆಂದು ಈಗ ಎಲ್ಲ ಕಡೆ ಮಾರಾಟದಲ್ಲಿದೆ. ಇದೇ ಹಣ್ಣು, ಎಲೆಯ ಕಷಾಯ ರೂಢಿಯಲ್ಲಿರುವ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ, ಪಾರ್ಕಿನ್ಸನ್ ಹೋಲುವ ಕಾಯಿಲೆಗೂ ಅದಕ್ಕೂ ನಂಟಿರುವುದನ್ನು ವೈದ್ಯರು 1999ರಲ್ಲೇ ವರದಿ ಮಾಡಿದರು. ಅದರಲ್ಲಿರುವ ಅನೊನಾಸಿನ್ ಎಂಬ ಅಂಶ ನರಗಳಿಗೆ ವಿಷ. ಗುಳಿಗೆ ರೂಪದ ವಿಟಮಿನ್ ಕೂಡ ನಿರಪಾಯಕಾರಿ ಅಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೊಟಿನ್ ಗುಳಿಗೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು ಎಂಬ ಫಲಿತಾಂಶ ಬಂದದ್ದು 1994ರಲ್ಲಿ. ಕ್ಯಾರೆಟ್ ಪಲ್ಯಕ್ಕೆ ಆ ದೋಷವಿಲ್ಲ. ಹುಳಿಗೆ ಹಾಕುವ ಅರಿಶಿನವೂ ಹಾಗೆಯೇ, ಅದನ್ನು ಕ್ಯಾಪ್ಸೂಲಿಗೆ ತುಂಬಿದಾಗ ಡಾಕ್ಟರಿಗೆ ತಿಳಿಸಬೇಕಾಗುತ್ತದೆ. ‘ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತದೆ’ ಅಂತ ಅನ್ನ-ಹಣ್ಣು ಎರಡೂ ಬಿಟ್ಟವರು ಸೊರಗುವುದೇ ಹೆಚ್ಚು. ಗ್ಲೂಕೋಸ್ ಬಾರದಿದ್ದರೆ ದೇಹ ತನ್ನ ಸ್ನಾಯು ಕರಗಿಸಿಯಾದರೂ ಅದನ್ನು ತಯಾರಿಸಿಕೊಳ್ಳುತ್ತದೆ.

ತಿಂದ ಪ್ರೋಟೀನ್ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಇರಬೇಕು. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ಮುಗಿಸಿದ 889 ಜನರ ಪರೀಕ್ಷೆಯ ಫಲಿತಾಂಶ 2025ರಲ್ಲಿ ಬಂತು. ಮೂರು ವರ್ಷ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದ ಗುಂಪಿನಲ್ಲಿ ಐದು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಉಳಿದವರು ಶೇ. 80.3, ಬರೀ ತಿಳಿವಳಿಕೆ ಪುಸ್ತಿಕೆ ಪಡೆದ ಗುಂಪಿನಲ್ಲಿ ಶೇ. 73.9. ಮನೆಯಲ್ಲಿ ಶುರುಮಾಡಲು ಕುರ್ಚಿ ಸಾಕು. ಕೈ ಊರದೆ ಹತ್ತು ಸಲ ಎದ್ದು ಕೂರಿ, ದಿನಕ್ಕೆ ಎರಡು ಬಾರಿ. ಕೈ-ಕಾಲು ಜೋಮು ಇದ್ದವರು ಚಪ್ಪಲಿ ಬಿಟ್ಟು ನಡೆಯಬೇಡಿ, ಬಿಸಿ ಮುದ್ದೆ ಕಟ್ಟಬೇಡಿ. ಸುಟ್ಟಿದ್ದು ಗೊತ್ತಾಗುವ ಹೊತ್ತಿಗೆ ಬೊಬ್ಬೆ ಎದ್ದಿರುತ್ತದೆ.

ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಪ್ರಯತ್ನಿಸದೆಯೇ ತಿಂಗಳಲ್ಲಿ ಎರಡು-ಮೂರು ಕಿಲೋ ಇಳಿದರೆ ಮುಂದಿನ ಚೆಕಪ್ಪಿಗೆ ಕಾಯಬೇಡಿ. ಹೋಗುವಾಗ ಮೂರು ದಿನದ ಊಟದ ಪಟ್ಟಿ ಜೊತೆಗಿರಲಿ: ಹಸಿ ಬೇಳೆ ಎಷ್ಟು ಹಿಡಿ, ಎಷ್ಟು ಜನಕ್ಕೆ, ಮತ್ತು ಅದರಲ್ಲಿ ನಿಮ್ಮ ತಟ್ಟೆಗೆ ಬಿದ್ದದ್ದೆಷ್ಟು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.