ಹಸಿರು ರಟ್ಟಿನ ನೋಟ್‌ಬುಕ್

ಕೇಳುಗರೆಲ್ಲರಿಗೂ ನಮಸ್ಕಾರ.

2003ರ ಜನವರಿ. ಅಮೆರಿಕದ ಒಹಾಯೊ ರಾಜ್ಯದ ಒಂದು ಊರು. ಹೊರಗೆ ಮೊಣಕಾಲಿನವರೆಗೆ ಹಿಮ. ಒಂದು ವಿಮಾ ಕಂಪನಿಯ ಆಫೀಸಿನಲ್ಲಿ ಒಬ್ಬ ಹಿರಿಯರ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದೆ. ಅವರಿಗೆ ಐವತ್ತೇಳು, ನನಗೆ ಇಪ್ಪತ್ತಾರು. ಇಪ್ಪತ್ತೆರಡು ವರ್ಷದಿಂದ ಅವರು ನೋಡಿಕೊಂಡು ಬಂದಿದ್ದ, ಕೋಬಾಲ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳನ್ನು ನನಗೆ ಕಲಿಸಿಕೊಡಬೇಕಿತ್ತು. ನಮ್ಮ ಐಟಿಯವರು ಇದನ್ನು ಕೆಟಿ, ಅಂದರೆ ನಾಲೆಜ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಮೊದಲ ನಾಲ್ಕು ವಾರ ಶ್ಯಾಡೋ. ಅವರು ಕೆಲಸ ಮಾಡುತ್ತಾರೆ, ನಾನು ನೋಡುತ್ತೇನೆ. ಆಮೇಲೆ ನಾಲ್ಕು ವಾರ ರಿವರ್ಸ್ ಶ್ಯಾಡೋ. ನಾನು ಮಾಡುತ್ತೇನೆ, ಅವರು ನೋಡುತ್ತಾರೆ. ಅದು ಮುಗಿದ ದಿನ ಅವರ ನೌಕರಿಯೂ ಮುಗಿಯುತ್ತದೆ. ಕೆಲಸ ಬೆಂಗಳೂರಿಗೆ ಬರುತ್ತದೆ.

ಸರಿಯಾಗಿ ಕಲಿಸಿಕೊಟ್ಟರೆ ಮಾತ್ರ ಕೊನೆಯ ಹಣ ಅಂತ ಕಂಪನಿ ಅವರಿಗೆ ಷರತ್ತು ಹಾಕಿತ್ತು. ಲೆಕ್ಕಕ್ಕೆ ಕಲಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅವರ ಹತ್ತಿರ ಹಸಿರು ರಟ್ಟಿನ ಒಂದು ನೋಟ್‌ಬುಕ್ ಇತ್ತು. ತಿಂಗಳ ಕೊನೆಯ ರಾತ್ರಿ ಕಂಪ್ಯೂಟರಿನಲ್ಲಿ ಓಡುವ ಯಾವ ಜಾಬ್ ಯಾಕೆ ನಿಂತುಹೋಗುತ್ತದೆ, ಯಾವ ಫೈಲನ್ನು ಮುಟ್ಟಲೇಬಾರದು, ಎಲ್ಲವೂ ಪೆನ್ಸಿಲ್ಲಿನಲ್ಲಿ, ಪುಟ್ಟ ಅಕ್ಷರದಲ್ಲಿ. ಕೊನೆಯ ದಿನ ಅದನ್ನು ನನ್ನ ಕೈಗಿಟ್ಟು, ಇದು ನಿನಗೆ ಬೇಕಾಗುತ್ತದೆ ಅಂದರು. ನನಗೆ ಮಾತೇ ಹೊರಡಲಿಲ್ಲ. ಅವರು ಕೋಟು ಹಾಕಿಕೊಂಡು, ಒಂದು ಸಣ್ಣ ಪೆಟ್ಟಿಗೆ ಎತ್ತಿಕೊಂಡು ಹೊರಟರು.

ಹೀಗೆ ಕೆಲಸ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದು ಶುರುವಾಗಿ ನಲವತ್ತು ವರ್ಷವಾಯಿತು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸಿತು. ಅಲ್ಲಿಯ ಕೆಲಸ ಬೇಕಿದ್ದರೆ ನಮ್ಮವರೇ ವಿಮಾನ ಹತ್ತಿ ಹೋಗಬೇಕು ಅನ್ನುವ ಕಾಲ ಅದು. 1991ರಲ್ಲಿ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳು ಬಂದವು, ಸಣ್ಣ ಕಂಪನಿಗಳಿಗೂ ಆ ದಾರಿ ತೆರೆಯಿತು. ಆಮೇಲೆ ವೈಟೂಕೆ, 2000ನೇ ಇಸವಿ ಬಂದಾಗ ಹಳೆಯ ಪ್ರೋಗ್ರಾಮುಗಳು ತಾರೀಖು ತಪ್ಪಿಸದಂತೆ ತಿದ್ದುವ ಕೆಲಸ. ನಾನು ಒಹಾಯೊಗೆ ಹೋಗಿಬಂದ ಸ್ವಲ್ಪ ದಿನಕ್ಕೆಲ್ಲ ಅಮೆರಿಕದಲ್ಲಿ ನಮ್ಮ ಊರಿನ ಹೆಸರೇ ಒಂದು ಕ್ರಿಯಾಪದವಾಯಿತು. ಕೆಲಸ ಹೊರದೇಶಕ್ಕೆ ಹೋಗಿ ಬೀದಿಗೆ ಬಿದ್ದವನನ್ನು ‘ಬ್ಯಾಂಗಲೋರ್ಡ್’ ಅಂದರು. ಆ ಮಾತು ಕೇಳಿದಾಗಲೆಲ್ಲ ನನಗೆ ಆ ಕೋಟು, ಆ ಪೆಟ್ಟಿಗೆ ನೆನಪಾಗುತ್ತಿತ್ತು.

2004ರಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾಂಕಿವ್, ಹೀಗೆ ಕೆಲಸ ಹೊರಗೆ ಹೋಗುವುದು ದೂರದೃಷ್ಟಿಯಲ್ಲಿ ದೇಶಕ್ಕೆ ಲಾಭವೇ ಅಂದರು. ಚುನಾವಣೆಯ ವರ್ಷ. ದೊಡ್ಡ ಗಲಾಟೆಯಾಯಿತು. ಅವರ ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ಕಂಪನಿಗೆ ಖರ್ಚು ಉಳಿಯುತ್ತದೆ, ಆ ಹಣ ಇನ್ನೆಲ್ಲೋ ಹೂಡಿಕೆಯಾಗುತ್ತದೆ, ಅಲ್ಲಿ ಹೊಸ ಕೆಲಸ ಹುಟ್ಟುತ್ತದೆ. ಆದರೆ ಆ ಲಾಭ ಕೋಟ್ಯಂತರ ಜನರಿಗೆ ನಾಲ್ಕಾಣೆ ಎಂಟಾಣೆಯಂತೆ ಹಂಚಿಹೋಗುತ್ತದೆ. ನಷ್ಟ ಮಾತ್ರ ಇಡಿಯಾಗಿ ಒಂದೇ ಮನೆಗೆ ಬೀಳುತ್ತದೆ. ಹೊಸ ಕೆಲಸ ಹುಟ್ಟುವುದು ಬೇರೆ ಊರಲ್ಲಿ, ಸಿಗುವುದು ಬೇರೆ ವಯಸ್ಸಿನವರಿಗೆ. ಐವತ್ತೇಳರ ಕೋಬಾಲ್ ಪ್ರೋಗ್ರಾಮರನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

ಆ ವರ್ಷದ ಕೊನೆಗೆ ಒಹಾಯೊದ ಆ ಹಿರಿಯರಿಂದ ಒಂದು ಮೇಲ್ ಬಂತು. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಭತ್ಯೆ ಕೊಡುವ ಕಾನೂನು ಅಮೆರಿಕದಲ್ಲಿತ್ತು. ಉಕ್ಕಿನ ಕಾರ್ಖಾನೆಯವರಿಗೆ, ಬಟ್ಟೆ ಗಿರಣಿಯವರಿಗೆ ಅದು ಸಿಗುತ್ತಿತ್ತು. ಇವರೂ ಅರ್ಜಿ ಹಾಕಿದ್ದರು. ತಿರಸ್ಕಾರವಾಯಿತು. ಯಾಕೆ ಗೊತ್ತಾ? ಸಾಫ್ಟ್‌ವೇರ್ ಒಂದು ವಸ್ತುವಲ್ಲವಂತೆ. ಸಿಡಿಗೆ ಹಾಕಿ ಪೆಟ್ಟಿಗೆಯಲ್ಲಿ ತಂದರೆ ಆಮದು. ತಂತಿಯಲ್ಲಿ ಬಂದರೆ ಆಮದೇ ಅಲ್ಲ. ಇಂಥ ಎಷ್ಟೋ ಅರ್ಜಿಗಳು ಆಗ ಇದೇ ಕಾರಣಕ್ಕೆ ಬಿದ್ದುಹೋದವು. ಸೇವಾ ಕ್ಷೇತ್ರದವರನ್ನೂ ಸೇರಿಸಿ ಕಾನೂನು ತಿದ್ದಿದ್ದು 2009ರಲ್ಲಿ. 2022ರ ಜುಲೈನಿಂದ ಆ ಯೋಜನೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಇತ್ತ ನಮ್ಮ ಮನೆಯ ಕಥೆ ಹೇಳಬೇಕು. ಆ ಕೆಲಸದ ಸಂಬಳದಲ್ಲಿ ದಾವಣಗೆರೆಯಲ್ಲಿ ಅಪ್ಪನ ಸಾಲ ತೀರಿತು. ತಮ್ಮನ ಓದು ಮುಗಿಯಿತು. ನನ್ನೊಬ್ಬಳ ಕೆಲಸದ ಹಿಂದೆ ಕ್ಯಾಬ್ ಓಡಿಸುವವರು, ಪಿಜಿ ನಡೆಸುವವರು, ಆಫೀಸಿನ ಕ್ಯಾಂಟೀನಿನಲ್ಲಿ ದೋಸೆ ಹಾಕುವವರು, ರಾತ್ರಿಯಿಡೀ ಗೇಟು ಕಾಯುವವರು ಇದ್ದರು. ಸರ್ಜಾಪುರದ ಕಡೆ ರಾಗಿ ಹೊಲ ಹೋಗಿ ಅಪಾರ್ಟ್‌ಮೆಂಟ್ ಎದ್ದಿತು. ಹೊಲ ಮಾರಿದವರಲ್ಲಿ ಕೆಲವರು ಬಾಡಿಗೆ ಮನೆಗಳ ಮಾಲೀಕರಾದರು. ಕೆಲವರು ಅದೇ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯಾದರು. ಇನ್ನು ನಾವು? ಅಮೆರಿಕದ ಬೆಳಗಿಗೆ ನಮ್ಮ ರಾತ್ರಿ ಕೊಟ್ಟೆವು. ಮಗಳು ನಿದ್ದೆ ಹೋದಮೇಲೆ ಶುರುವಾಗುತ್ತಿದ್ದ ಕಾಲ್‌ಗಳು ಎಷ್ಟೋ. ಒಂದು ಮಾತು ಹೇಳಲೇಬೇಕು. ಹದಿನೈದು ವರ್ಷದ ಹಿಂದೆ ದೊಡ್ಡ ಕಂಪನಿಗಳು ಹೊಸಬರಿಗೆ ವರ್ಷಕ್ಕೆ ಮೂರು, ಮೂರೂಕಾಲು ಲಕ್ಷ ಕೊಡುತ್ತಿದ್ದವು. ಈಗಲೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನ ಬಾಡಿಗೆ ಮಾತ್ರ ಎಲ್ಲಿಗೆ ಹೋಗಿದೆ ಅಂತ ನಿಮಗೇ ಗೊತ್ತಲ್ವಾ?

ಈಗ ಗಾಳಿ ಮತ್ತೆ ತಿರುಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅಲ್ಲಿಗೆ ಹೋಗಿ ಕೆಲಸ ಮಾಡಲು ಬೇಕಾದ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿತು. ನನಗೆ ಕಾಣುವಂತೆ, ಜನ ಹೋಗುವ ಬಾಗಿಲು ಮುಚ್ಚಿದರೆ ಕೆಲಸ ಹೊರಗೆ ಬರುವುದು ಇನ್ನೂ ಜಾಸ್ತಿಯಾಗುತ್ತದೆ. ಆದರೆ ಬಂದ ಕೆಲಸ ಇಲ್ಲೇ ನೆಲೆ ನಿಲ್ಲುತ್ತದೆ ಅನ್ನುವ ಧೈರ್ಯ ನನಗಿಲ್ಲ. ಫೋನಿನಲ್ಲಿ ಮಾತಾಡುವ ಕಾಲ್ ಸೆಂಟರ್ ಕೆಲಸದಲ್ಲಿ ಫಿಲಿಪ್ಪೀನ್ಸ್ ನಮ್ಮನ್ನು ಹಿಂದೆ ಹಾಕಿ ಎಷ್ಟೋ ವರ್ಷವಾಯಿತು.

ನನ್ನ ಹಳೆಯ ಟೀಮಿನ ಒಬ್ಬ ಗೆಳೆಯನಿಗೆ ನಲವತ್ತೆಂಟು. ಕಳೆದ ವರ್ಷ ಅವನ ಕೆಲಸ ಪೋಲೆಂಡಿಗೆ ಹೋಯಿತು. ಅಲ್ಲಿಯ ಹುಡುಗರಿಗೆ ಎರಡು ತಿಂಗಳು ಕೆಟಿ ಕೊಟ್ಟ. ಕೈಗೆ ಬಂದದ್ದು ಗ್ರಾಚ್ಯುಟಿ, ಪಿಎಫ್, ಮೂರು ತಿಂಗಳ ಸಂಬಳ. ನಮ್ಮಲ್ಲಿ ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ ಸೇರಿದವರಿಗೆ ಕೆಲಸ ಹೋದಾಗ ಮೂರು ತಿಂಗಳವರೆಗೆ ಕೂಲಿಯ ಒಂದು ಪಾಲು ಕೊಡುವ ಯೋಜನೆ 2018ರಲ್ಲಿ ಬಂತು, 2020ರಲ್ಲಿ ಅದು ಅರ್ಧ ಕೂಲಿಗೆ ಏರಿತು. ಆದರೆ ತಿಂಗಳಿಗೆ 21,000 ದಾಟಿದವರು ಇಎಸ್‌ಐ ಒಳಗೆ ಬರುವುದೇ ಇಲ್ಲ. ಒಹಾಯೊದವರು ವಸ್ತು ಮಾಡದೆ ಹೊರಗುಳಿದರು. ಇವನು ಸಂಬಳ ಜಾಸ್ತಿಯಾಗಿ ಹೊರಗುಳಿದ. ಕೆಲಸ ಸಾಗಿಸುವ ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಎಷ್ಟು ಉಳಿಯುತ್ತದೆ ಅಂತ ಕಂಪನಿಗೆ ಗೊತ್ತಿರುತ್ತದೆ. ಅದರಲ್ಲಿ ಒಂದು ಪಾಲು ಬಿಟ್ಟುಹೋಗುವವರ ಹೆಸರಿಗೆ ಕಾನೂನಿನ ಪ್ರಕಾರ ಸೇರಬೇಕು. ಅಲ್ಲೂ ಸೇರಬೇಕು, ಇಲ್ಲೂ ಸೇರಬೇಕು. ಅದು ಯಾರದೋ ದಯೆಯ ಮೇಲೆ ನಿಲ್ಲಬಾರದು.

ಕೆಟಿ ನಡೆಯುವಾಗ ಅವನು ಒಮ್ಮೆ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ, ಏನೇನು ಬರೆದುಕೊಡಬೇಕೋ ತೋಚುತ್ತಿಲ್ಲ ಕಣೇ ಅಂದ. ಒಳಗಿಂದ ಹಸಿರು ನೋಟ್‌ಬುಕ್ ತಂದು ಕೊಟ್ಟೆ. ಒಂದೊಂದೇ ಹಾಳೆ ತಿರುವುತ್ತಾ ಕೊನೆಯ ಪುಟಕ್ಕೆ ಬಂದ. ಅಲ್ಲಿ ಅವರ ಮನೆಯ ಫೋನ್ ನಂಬರ್ ಇದೆ. ಕೆಳಗೆ, ಎಷ್ಟು ಹೊತ್ತಿಗಾದರೂ ಮಾಡು ಅಂತ ಬರೆದಿದೆ.

‘ಮಾಡಿದ್ಯಾ?’ ಅಂತ ಕೇಳಿದ.

ಎರಡು ಸಲ ಮಾಡಿದ್ದೆ. ಎರಡು ಸಲವೂ ಎತ್ತಿದ್ದರು.

ನಮಸ್ಕಾರ.