‘ಲಕ್ಕಿ’ ಎಲ್ಲಿಂದ ಬಂತು?

ಕೇಳುಗರಿಗೆ ನಮಸ್ಕಾರ.

ಲಕ್ಕಿ ಡ್ರಾ, ಲಕ್ಕಿ ನಂಬರ್, ‘ನೀನು ಲಕ್ಕಿ ಬಿಡಪ್ಪಾ’. ಈ ಇಂಗ್ಲಿಷ್ ಪದ ದಿನಾ ನಮ್ಮ ಬಾಯಲ್ಲಿರುತ್ತದೆ. ಆದರೆ ಇದರ ಮೂಲ ‘ಲಕ್’ ಇಂಗ್ಲಿಷಿನದಲ್ಲ. 15ನೇ ಶತಮಾನದಲ್ಲಿ ಡಚ್ ಇಲ್ಲವೇ ಉತ್ತರ ಜರ್ಮನಿಯ ಆಡುಮಾತಿನಿಂದ ಬಂದದ್ದು. ಬಹುಶಃ ಜೂಜುಕೋರರ ಮಾತಾಗಿಯೇ ಬಂತು ಅಂತ ಪದಗಳ ಜಾಡು ಹಿಡಿಯುವವರು ಹೇಳುತ್ತಾರೆ.

ಜರ್ಮನ್ ಭಾಷೆಯಲ್ಲಿ ಇದರ ನೆಂಟ ‘ಗ್ಲ್ಯುಕ್’. ಅದಕ್ಕೆ ಅದೃಷ್ಟ, ಸಂತೋಷ ಎರಡೂ ಅರ್ಥ ಇದೆ. ಇಂಗ್ಲಿಷ್‌ನಲ್ಲಿ ಸಂತೋಷಕ್ಕೆ ‘ಹ್ಯಾಪಿ’ ಬೇರೆ ಇದೆಯಲ್ಲ ಅನ್ನಬಹುದು. ತಮಾಷೆ ಇರುವುದೇ ಅಲ್ಲಿ. ‘ಹ್ಯಾಪ್’ ಅಂದರೆ ಆಕಸ್ಮಿಕ. ‘ಹ್ಯಾಪಿ’ ಅಂದರೆ ಮೊದಲು ಅದೃಷ್ಟವಂತ ಅಂತಲೇ ಇತ್ತು, ಖುಷಿ ಆಮೇಲೆ ಸೇರಿಕೊಂಡಿತು. ಹಳೇ ಗುರುತು ‘ಪರ್‌ಹ್ಯಾಪ್ಸ್’, ‘ಮಿಸ್‌ಹ್ಯಾಪ್’ಗಳಲ್ಲಿ ಹಾಗೇ ಉಳಿದಿದೆ.

‘ಫಾರ್ಚುನೇಟ್’ ಸ್ವಲ್ಪ ಇಸ್ತ್ರಿ ಹಾಕಿದ ಪದ. ರೋಮನ್ನರ ಭಾಗ್ಯದೇವತೆ ಫೋರ್ತೂನಾ ಹೆಸರಿನ ಮೂಲವೇ ಅದಕ್ಕೂ. ಭಾಷಣಕ್ಕೆ, ಪತ್ರಕ್ಕೆ ಒಗ್ಗುತ್ತದೆ. ‘ಲಕ್ಕಿ’ ಹಾಗಲ್ಲ, ಅದರಲ್ಲಿ ಜೂಜಿನ ವಾಸನೆ ಇನ್ನೂ ಇದೆ. ಹಗಲೂ ರಾತ್ರಿ ಓದಿ ರ್‍ಯಾಂಕ್ ತಂದ ಹುಡುಗಿಗೆ ‘ಯು ಆರ್ ಲಕ್ಕಿ’ ಅಂದು ನೋಡಿ, ಅವಳ ಮುಖ ಸಪ್ಪಗಾಗುತ್ತದೆ. ಓದಿದ್ದು ಅವಳು, ಹೆಸರು ಮಾತ್ರ ಅದೃಷ್ಟಕ್ಕೆ! ಕೂದಲೆಳೆಯಲ್ಲಿ ಅಪಘಾತ ತಪ್ಪಿಸಿಕೊಂಡವನಿಗೆ ಅದನ್ನೇ ಹೇಳಿದರೆ ಸರಿಹೋಗುತ್ತದೆ.

ಇನ್ನೊಂದು ಬಳಕೆ ಇದೆ. ಲಕ್ಕಿ ಶರ್ಟ್, ಲಕ್ಕಿ ಪೆನ್ ಅನ್ನುತ್ತೇವೆ. ಶರ್ಟಿಗೆ ಅದೃಷ್ಟ ಇದೆ ಅಂತಲ್ಲ, ಹಾಕಿಕೊಂಡವರಿಗೆ ಅದು ಅದೃಷ್ಟ ತರುತ್ತದೆ ಅಂತ. ಇದು ನಮಗೆ ಬಹಳ ಹತ್ತಿರದ ನಂಬಿಕೆ, ಅಲ್ವಾ? ಸೊಸೆಯ ಕಾಲ್ಗುಣ, ಡಾಕ್ಟರ ಕೈಗುಣ ಅನ್ನುವುದಿಲ್ಲವೇ? ಬೆಳಿಗ್ಗೆ ಸಂತೆಯಲ್ಲಿ ಸೊಪ್ಪಿನಮ್ಮ, ‘ನಿಮ್ ಕೈಲೇ ಬೋಣಿ ಆಗ್ಲಿ, ಜಾಸ್ತಿ ಚೌಕಾಸಿ ಮಾಡ್ಬೇಡಿ’ ಅಂತ ಮೊದಲ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಇಂಗ್ಲಿಷ್‌ನಲ್ಲಾದರೆ ನೀವು ಅವಳ ಲಕ್ಕಿ ಗಿರಾಕಿ.

ಕಡೆಗೊಂದು ಎಚ್ಚರಿಕೆ. ಬ್ರಿಟನ್ನಿನಲ್ಲಿ ಯಾರಾದರೂ ‘ಯು ವಿಲ್ ಬಿ ಲಕ್ಕಿ’ ಅಂದರೆ ಆಶೀರ್ವಾದ ಅಂದುಕೊಳ್ಳಬೇಡಿ. ಸಂಬಳ ಜಾಸ್ತಿ ಕೇಳೋಣ ಅಂತಿದ್ದೀನಿ ಅಂದವನಿಗೆ ಅಲ್ಲಿ ಹೀಗನ್ನುತ್ತಾರೆ. ನಮ್ಮಲ್ಲಾದರೆ, ‘ಕೊಡ್ತಾರೆ ಕೊಡ್ತಾರೆ, ಕಾಯ್ತಾ ಇರು!’